ಕಿಟಕಿಗೆ ಅಡ್ಡ ಬಂದದ್ದು

ಮರವಂತೆ
ಜೂನ್ ೨೦೧೭

ವನಜತ್ತಿಗೆಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಮನೆಯಲ್ಲಿ ಎಲ್ಲರಿಗೂ ಕೇಳುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಈ ಮಳೆಗಾಲ ಪೂಜಿತಾಳನ್ನು ಬ್ರಹ್ಮಾವರದಲ್ಲಿ ನಿಮ್ಮ ಜೊತೆ ಇಟ್ಟುಕೊಳ್ಳುತ್ತೀರಾ? ಅವಳ ಶಾಲೆಗೆ ನಿಮ್ಮಲ್ಲಿಂದಲೂ ಬಸ್ಸಿದೆ. ನಿಮಗೇ ಮಗು ಬೇಕೆನಿಸಿತು ಎಂಬಂತೆ ನಿಮ್ಮ ತಮ್ಮನನ್ನು ಕೇಳಿ. ಮನೆ ಬಿಡಲೆಂದು ಕಡಲಿನೆದುರು ಬಟ್ಟೆಯ ಗಂಟು ಕಟ್ಟಿದರೆ ಕಡಲನ್ನೇ ಮನೆಯೊಳಗೆ ಕರೆದ ಹಾಗೆ ಎಂದು ಅವರು ನಂಬಿದ್ದಾರೆ. ನಾನು ನಂಬುವುದಿಲ್ಲ. ಆದರೂ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಶಾಲೆಯ ಚೀಲದೊಳಗೆ, ಪುಸ್ತಕಗಳ ನಡುವೆ ಇಡುತ್ತಿದ್ದೇನೆ. ನಂಬದವಳು ಹೀಗೆ ಮಾಡುತ್ತಾಳೆಯೇ?

ಬೇರೆ ನಕ್ಷತ್ರಗಳ ಸುತ್ತ ಬದುಕಬಹುದಾದ ಗ್ರಹಗಳನ್ನು ಹುಡುಕುವ ವಿಷಯ ಪೂಜಿತಾಳಿಗೆ ಹುಚ್ಚು ಹಿಡಿಸಿದೆ. ಗ್ರಹ ಕಾಣುವುದಿಲ್ಲವಂತೆ, ಅದು ಅಡ್ಡ ಹಾದಾಗ ನಕ್ಷತ್ರದ ಬೆಳಕು ತುಸು ಕುಂದುತ್ತದೆ, ಅದರಿಂದ ತಿಳಿಯುತ್ತಾರಂತೆ.

"ನೀರಿದ್ರೆ ಅಲ್ಲಿ ಬದ್ಕ್‌ಲಕ್ಕ್ ಅಂಬ್ರ್, ಅಪ್ಪ."

"ನೀರ್ ಬೇಕಾರೆ ಇಲ್ಲಿಂದ ಕೊಂಡ್ಹೋಪ್ಕ್ ಹೇಳ್ ಮಾರಾಯ್ತಿ" ಎಂದು ನಿಮ್ಮ ತಮ್ಮ ನಕ್ಕರು. ನಾನೂ ನಕ್ಕೆ.

ನಿನ್ನೆ ಸಂಜೆ ಅಡುಗೆಮನೆಯ ಕಿಟಕಿಯ ಬೆಳಕು ಒಂದು ಕ್ಷಣ ಹೋಗಿ ಬಂತು. ಪೂಜಿತಾ ಚಪ್ಪಾಳೆ ತಟ್ಟಿದಳು. "ಅಮ್ಮಾ, ಗ್ರಹ ಹೋಯ್ತ್, ಕಂಡ್ಯಾ?"

ಹಿತ್ತಲಿನ ತೆಂಗಿನ ಮರಗಳು ಕಡಲಿಗೆ ಹೋದ ಮೇಲೆ ಆ ಕಿಟಕಿಗೂ ನೀರಿಗೂ ನಡುವೆ ಏನೂ ಇಲ್ಲ. ಅಡ್ಡ ಎದ್ದು ನಿಂತದ್ದು ಅಲೆ. "ಕಂಡೆ" ಎಂದೆ.

ಈ ಭಾನುವಾರವೇ ಬನ್ನಿ. ಅವಳ ಬೆನ್ನಿಗೆ ಶಾಲೆಯ ಚೀಲ ಮಾತ್ರ ಇರುತ್ತದೆ. ಬಟ್ಟೆ ಎಲ್ಲಿ ಎಂದು ಇಲ್ಲಿ ಕೇಳಬೇಡಿ.

ನಿಮ್ಮ
ಶಶಿಪ್ರಭಾ