ಭಾಗಮ್ಮ ನನ್ನ ಮಾತು ನಂಬುತ್ತಿಲ್ಲ

ಪಾಸ್ಟರ್ ಅಯ್ಯನವರಿಗೆ ಹೊನ್ನೇಶನ ವಂದನೆಗಳು.

ನಾನು ಕುಡಿತ ಬಿಟ್ಟೇ ಇಲ್ಲ. ಮಾತ್ರೆ ಇಲ್ಲದೆ, ಬರೀ ಪ್ರಾರ್ಥನೆಯಿಂದ ಬಿಟ್ಟುಹೋಯಿತು ಎಂದು ಒಂದು ವರ್ಷದಿಂದ ಸಭೆಯಲ್ಲಿ ಸುಳ್ಳು ಸಾಕ್ಷಿ ಹೇಳುತ್ತಾ ಬಂದಿದ್ದೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಯಾರೂ ಹೊಗಳಿರಲಿಲ್ಲ. ಅಜ್ಜಂಪುರದಲ್ಲಿ ಮೊದಲ ದಿನ ಎಲ್ಲರೂ ಎದ್ದು ‘ಹಲ್ಲೆಲೂಯ’ ಅಂದ ಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ನೀವು ಕರೆದ ಊರಿಗೆಲ್ಲ ಬಂದು ಅದನ್ನೇ ಹೇಳಿದೆ.

ಚೌಳಹಿರಿಯೂರಿನಲ್ಲಿ ಅದನ್ನು ಕೇಳಿದ ಭಾಗಮ್ಮ, ಈಗಷ್ಟೇ ಕುಡಿತ ನಿಲ್ಲಿಸಿದ ಗಂಡ ಮಂಜಪ್ಪನವರಿಗೆ ಡಾಕ್ಟರ್ ಕೊಟ್ಟಿದ್ದ ಮಾತ್ರೆಗಳನ್ನು ಬಚ್ಚಲಿಗೆ ಸುರಿದಿದ್ದಾರೆ. ಮಂಜಪ್ಪನವರಿಗೆ ಮೈಯೆಲ್ಲ ನಡುಕ. ಎದುರಿಗಿಲ್ಲದವರ ಜೊತೆ ಮಾತಾಡುತ್ತಿದ್ದಾರೆ. ನಿನ್ನೆ ಹೋಗಿ ಭಾಗಮ್ಮನಿಗೆ ನಿಜ ಹೇಳಿದೆ.

“ಸೈತಾನ ನಿನ್ ಬಾಯಲ್ಲಿ ಹಿಂಗ್ ಆಡಿಸ್ತವ್ನೆ ಕಣಪ್ಪಾ. ಮಾತ್ರೆ ಇಲ್ದೆ ನಿಂಗೆ ಬಿಟ್ಟೋಗಿಲ್ವಾ?” ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು.

“ಬಾಯಿ ಮೂಸಿ ನೋಡಕ್ಕಾ” ಅಂದೆ.

“ಅದೂ ಅವಂದೇ ವಾಸ್ನೆ” ಎಂದು ಪ್ರಾರ್ಥನೆ ಶುರುಮಾಡಿದರು.

ನೀವು ಹೇಳಿದರೆ ಮಾತ್ರ ಕೇಳುತ್ತಾರೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಈ ಕಾಗದವನ್ನು ನಿಮ್ಮ ಮನೆಗೇ ತಂದು ಕೊಡುತ್ತಿದ್ದೇನೆ. ಓದಿದ ಕೂಡಲೇ ಹೋಗಿ, ದಯವಿಟ್ಟು, ಮಂಜಪ್ಪನವರನ್ನು ಕಡೂರಿನ ಆಸ್ಪತ್ರೆಗೆ ಸೇರಿಸಿ. ಭಾನುವಾರ ಈ ಕಾಗದವನ್ನೇ ಸಭೆಯಲ್ಲಿ ಓದಿ. ದೀಕ್ಷಾಸ್ನಾನದ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ.

ಇವತ್ತು ಮೊದಲ ಸಲ ಸುಳ್ಳಿಲ್ಲದೆ ದೇವರ ಮುಂದೆ ಮೊಣಕಾಲೂರಿದೆ. ಕುಡಿಯುವ ಆಸೆ ಹೋಗಲಿಲ್ಲ. ಆದರೂ ಎದ್ದು ಬಟ್ಟೆ ಚೀಲಕ್ಕೆ ತುಂಬಿಕೊಂಡೆ. ಶಿವಮೊಗ್ಗದಲ್ಲಿ ಕುಡಿತ ಬಿಡಿಸುವ ಕೇಂದ್ರವಿದೆ, ಬರಲು ಹೇಳಿದ್ದಾರೆ. ನಾಳೆ ಬೆಳಿಗ್ಗೆ ತರೀಕೆರೆ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತೇನೆ.

ಇಂತಿ,
ಹೊನ್ನೇಶ