ಕಲ್ಲಿನ ಪುಡಿಯಲ್ಲಿ ಸಿಕ್ಕ ಚಿನ್ನ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಮೊಣಕಾಲೊಂದನ್ನು ಬಿಟ್ಟರೆ ನಾನು ಪೂರ್ತಿ ಕ್ಷೇಮ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ತಪ್ಪು ನನ್ನದೇ. ಹೇಳಬೇಕಾದದ್ದು ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ.

ಹೋದ ತಿಂಗಳು ನಮ್ಮ ಪ್ರಯೋಗಾಲಯದಲ್ಲಿ ಸಂಭ್ರಮವೋ ಸಂಭ್ರಮ. ನಮ್ಮ ಮೇಡಂ (ನಿನ್ನದೇ ವಯಸ್ಸು, ನಿನ್ನಷ್ಟೇ ಹಠ) ಮುನ್ನೂರೈವತ್ತು ಕೋಟಿ ವರ್ಷದ ಕಲ್ಲೊಂದನ್ನು ತಂದು ನನ್ನ ಕೈಗಿಟ್ಟರು. ಪುಡಿಮಾಡುವುದು ನನ್ನ ಕೆಲಸ, ಅದರೊಳಗೆ ಏನೇನಿದೆಯೆಂದು ಅಳೆಯುವುದು ಅವರದು. "ನಾವು ನಿಂತಿರೋ ನೆಲ ಹುಟ್ಟಿದ್ದು ಹೇಗೆ ಗೊತ್ತಾ ಯಜಮಾನ್ರೇ?" ಎಂದು ಶುರುಮಾಡಿದರು. ಆಳದಲ್ಲಿ ಮ್ಯಾಂಟಲ್ ಎಂಬ ದಪ್ಪ ಪದರವಿದೆಯಂತೆ. ಅದು ಒಂದಿಷ್ಟು ಕರಗಿ ಮೇಲೆ ಬಂದು ಕಪ್ಪುಕಲ್ಲಾಯಿತಂತೆ. ಆ ಕಪ್ಪುಕಲ್ಲು ನೀರು ಕುಡಿದು ಮತ್ತೆ ಆಳದಲ್ಲಿ ಬೆಂದಾಗ, ಹಗುರವಾದ ಬಿಳಿಯ ಕಲ್ಲು ಬೇರೆಯಾಗಿ ಮೇಲೆದ್ದಿತಂತೆ. ಖಂಡಗಳ ಮೊದಲ ತುಂಡುಗಳು ಅವೇ.

"ಕೆಳಗೆ ಏನೇನು ಬೆರೆತಿತ್ತೋ, ಅದರ ಮೇಲೇ ಎಲ್ಲಾ ನಿಂತಿದೆ" ಎಂದರು.

"ಅಷ್ಟೇನಾ? ಹಿಟ್ಟು ಕಲಸೋರಿಗೆಲ್ಲ ಗೊತ್ತಿರೋ ವಿಷಯ" ಎಂದೆ. ಬಿದ್ದು ಬಿದ್ದು ನಕ್ಕರು.

ನಾನು ಕೊಟ್ಟ ಪುಡಿಯಲ್ಲಿ ಯಾರೂ ನಿರೀಕ್ಷಿಸದಷ್ಟು ಚಿನ್ನ ಸಿಕ್ಕಿತು. ಹಾಗಾದರೆ ಆಗಿನ ಮ್ಯಾಂಟಲ್ ಬೇರೆಯದೇ ಥರ ಇದ್ದಿರಬೇಕೆಂದು ಮೇಡಂ ಲೇಖನ ಬರೆದೇಬಿಟ್ಟರು. ಸೋಮವಾರ ಕಳಿಸುವುದೆಂದಾಯಿತು. ಅದಕ್ಕೆ ಮುಂಚಿನ ಶುಕ್ರವಾರ ಕೈಗವಸು ತೊಳೆಯುವಾಗ ನೋಡಿದೆ. ಕಿರುಬೆರಳಿನ ಕಡೆ ಹರಿದಿತ್ತು. ಒಳಗೆ ಹಾಕಿಕೊಂಡಿದ್ದ ಚಿನ್ನದುಂಗುರ ಒಂದು ಬದಿ ಸವೆದಿತ್ತು. ಜರಡಿಯಲ್ಲಿರುವ ಪುಡಿಯನ್ನು ಬೆರಳಿನಿಂದ ಉಜ್ಜಿ ನೋಡದಿದ್ದರೆ ನನಗೆ ಸಮಾಧಾನವಿಲ್ಲವಲ್ಲ! 'ಉಂಗುರ, ಬಳೆ ಹಾಕಿಕೊಂಡು ಒಳಗೆ ಬರಬಾರದು' ಎಂದು ಬಾಗಿಲಿಗೆ ಫಲಕ ಬರೆದವನೂ ನಾನೇ.

ಅಂದೇ ಹೋಗಿ ಹೇಳಿದೆ. ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು. "ಬೇರೆ ಯಾರಾದ್ರೂ ಆಗಿದ್ರೆ ನಂಬ್ತಿದ್ದೆ. ನೀವಾ ಯಜಮಾನ್ರೇ?" ಎಂದರು. ಬೈದಿದ್ದರೆ ವಾಸಿಯಿತ್ತು.

ಉಳಿದಿದ್ದ ಮುಷ್ಟಿಯಷ್ಟು ಕಲ್ಲನ್ನು ಉಂಗುರ ತೆಗೆದಿಟ್ಟು ಮತ್ತೆ ಪುಡಿಮಾಡಿದೆ. ಮೊನ್ನೆ ಫಲಿತಾಂಶ ಬಂತು. ಚಿನ್ನ ಮಾಯ! ಆದರೆ ಕಪ್ಪುಕಲ್ಲು ಬೆಂದು ನೆಲ ಹುಟ್ಟಿದ ಗುರುತುಗಳೆಲ್ಲ ಹಾಗೇ ಇದ್ದವು. "ಸುಳ್ಳು ಹೋಯ್ತು, ಕಥೆ ಉಳೀತು" ಎಂದು ಮೇಡಂ ಎಲ್ಲರಿಗೂ ಚಹಾ ತರಿಸಿದರು. ನನಗೆ ಎರಡು ಲೋಟ.

ಮೊಮ್ಮಗಳ ಎರಡೂ ಕೆನ್ನೆಗೆ ತಾತನ ಮುತ್ತು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಮನೆ ಸದಾ ನಗುತ್ತಿರಲಿ, ಮಗಳೇ.

ನಿನ್ನ
ಅಪ್ಪ

ತಾ.ಕ.: ಆ ಉಂಗುರ ನಿನ್ನಮ್ಮನದು. ಆಸ್ಪತ್ರೆಯಲ್ಲಿ ಕೊನೆಯ ದಿನ ನರ್ಸ್ ನಿನ್ನ ಕೈಗೆ ಕೊಟ್ಟದ್ದು, ನೀನು ಕಿಟಕಿಯಲ್ಲಿಟ್ಟು ಮರೆತದ್ದು. ಎತ್ತಿಕೊಂಡವನು ನಾನು. ನೀನು ಮಂಚದ ಕೆಳಗೆಲ್ಲ ತಡಕಾಡಿ ಅಳುವಾಗ ಅದು ನನ್ನ ಜೇಬಿನಲ್ಲಿತ್ತು. ಕೊಡಲು ಮನಸ್ಸಾಗಲಿಲ್ಲ. ನಾಳೆ ಹೇಳೋಣವೆಂದುಕೊಂಡೆ, ಆ ನಾಳೆಗೆ ಆರು ವರ್ಷವಾಯಿತು. ನಿನ್ನ ಕಣ್ಣಿಗೆ ಬೀಳದಿರಲೆಂದು ಕೈಗವಸಿನ ಒಳಗೆ ಮಾತ್ರ ಹಾಕಿಕೊಳ್ಳುತ್ತಿದ್ದೆ. ಪ್ರತಿ ಕಾಗದದಲ್ಲೂ "ಅಮ್ಮನ ಉಂಗುರ ಕಳೆದುಬಿಟ್ಟೆನಲ್ಲಪ್ಪಾ" ಎಂದು ನೀನು ಬರೆಯುವುದು, "ಹೋಗಲಿ ಬಿಡು" ಎಂದು ನಾನು ದೊಡ್ಡ ಮನಸ್ಸಿನವನಾಗುವುದು. ಮೇಡಂಗೆ ಅಂದೇ ಹೇಳಿದವನು ನಿನಗೆ ಹೇಳಲಿಲ್ಲ. ಹತ್ತಿಯಲ್ಲಿ ಸುತ್ತಿ ಇದರೊಳಗಿಟ್ಟಿದ್ದೇನೆ. ನೀನು ಕಳೆದಿರಲಿಲ್ಲ, ಪುಟ್ಟಿ.