ಶನಿಗೆ ಕಿವಿ ಐತೆ ಅಂದೋನಿಗೆ

ಪ್ರಸಾದ,

ಗುಬ್ಬಿಲಿ ನಿಮ್ಮನೇಲಿ ಈಗ ಬೇರೆಯವ್ರು ಅವ್ರೆ. ನೀವೆಲ್ಲಿಗೆ ಹೋದ್ರಿ ಅಂತ ಅವ್ರಿಗೂ ಗೊತ್ತಿಲ್ಲ. ಆದ್ರೂ ಬರೀತಿದೀನಿ.

ಇವತ್ತು ಸಾಯಂಕಾಲ ಸತ್ಯಮಂಗಲದಿಂದ ಕೆಲ್ಸ ಮುಗಿಸ್ಕೊಂಡು ಬರ್ತಿದ್ದೆ. ದಾರೀಲಿ ಬಟವಾಡಿ ಹತ್ರ ಒಬ್ರು ಮೇಷ್ಟ್ರು ಟೆಲಿಸ್ಕೋಪ್ ಇಟ್ಕೊಂಡು ಎಲ್ರಿಗೂ ಶನಿಗ್ರಹ ತೋರಿಸ್ತಿದ್ರು. ಬರೀ ಕಣ್ಣಿಗೆ ಅದು ಒಂದು ಚುಕ್ಕಿ ಅಷ್ಟೆ. ಟೆಲಿಸ್ಕೋಪಲ್ಲಿ ನೋಡಿದ್ರೆ ಸುತ್ತ ಬಳೆ ಐತೆ ಕಣೋ. "ಸಣ್ಣ ಟೆಲಿಸ್ಕೋಪಲ್ಲಿ ಬಳೆ ಸರಿಯಾಗಿ ಕಾಣಲ್ಲ, ಎರಡು ಕಡೆ ಕಿವಿ ಇದ್ದಂಗೆ ಕಾಣುತ್ತೆ" ಅಂದ್ರು ಮೇಷ್ಟ್ರು.

ಆಮೇಲೆ ಮನೆಗೆ ಹೋಗೋಕೇ ಆಗ್ಲಿಲ್ಲ.

ಒಂಬತ್ತನೇ ಕ್ಲಾಸಲ್ಲಿ ನೀನು ಪೈಪಿಗೆ ಕನ್ನಡಕದ ಗ್ಲಾಸ್ ಅಂಟಿಸಿ, "ಶನಿಗೆ ಕಿವಿ ಐತೆ, ಬಾರ್ಲಾ, ಒಂದ್ಸಲ ಕಣ್ಣಿಡು" ಅಂತ ಕರ್ದೆ. ನಾನು ಇಡ್ಲಿಲ್ಲ. ಮಾರನೇ ದಿನ "ಏನ್ಲಾ ಶನಿಕಿವಿ" ಅಂತ ಮೊದ್ಲು ಕೂಗ್ದೋನೂ ನಾನೇ. ಆಮೇಲೆ ಇಡೀ ಸ್ಕೂಲೇ ಕೂಗ್ತು. ದಸರಾ ರಜ ಮುಗಿದ್ಮೇಲೆ ನೀನು ಬರ್ಲೇ ಇಲ್ಲ.

ಇವತ್ತು ಮೂರು ಸಲ ಲೈನಲ್ಲಿ ನಿಂತೆ.

"ಆಗ್ಲೇ ನೋಡಿದ್ಯಲ್ಲಪ್ಪಾ" ಅಂದ್ರು ಮೇಷ್ಟ್ರು.

"ನನ್ ಫ್ರೆಂಡ್ ಒಬ್ಬ ತೋರಿಸ್ತೀನಿ ಅಂದಿದ್ದ ಸಾರ್. ಆಗ ನೋಡ್ಲಿಲ್ಲ."

"ನಾಳೆನೂ ಇರ್ತೀನಿ, ಅವ್ನನ್ನೂ ಕರ್ಕೊಂಡ್ ಬಾ" ಅಂದ್ರು.

ಹೂಂ ಅಂದ್ಬಿಟ್ಟೆ.